ಮಗು ಟ್ಯಾಬ್‌ನಲ್ಲಿ ಮಾತಾಡಬೇಕು ಅಂದ್ರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

"ಆಪ್ ಹಾಕಿ ಮೂರು ತಿಂಗಳಾಯ್ತು. ಮೊದಲ ಎರಡು ದಿನ ಒತ್ತಿದ, ಆಮೇಲೆ ಮುಟ್ಟೋದೇ ಇಲ್ಲ." ಆಟಿಸಂ ಇರುವ, ಮಾತು ಬಾರದ ಅಥವಾ ನಾಲ್ಕೈದು ಪದಕ್ಕೇ ನಿಂತುಹೋದ ಮಕ್ಕಳ ಅಪ್ಪ ಅಮ್ಮಂದಿರಿಂದ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಆಪ್ ಅಂದರೆ ಇಲ್ಲಿ, ಚಿತ್ರದ ಗುಂಡಿ ಒತ್ತಿದರೆ ಆ ಪದವನ್ನು ಮಗುವಿನ ಪರವಾಗಿ ಗಟ್ಟಿಯಾಗಿ ಹೇಳುವ ಆಪ್. ಅಂಥ ಗುಂಡಿಗಳು ತುಂಬಿದ ಒಂದು ಪರದೆಗೆ 'ಪುಟ' ಅನ್ನುತ್ತೇನೆ. ನಮ್ಮ ಮನೆಯಲ್ಲೂ ಮೊದಲ ಸಲ ಆಗಿದ್ದು ಇದೇ. ಟ್ಯಾಬ್ ಏಳು ತಿಂಗಳು ಬೀರುವಿನ ಮೇಲೆ ಮಲಗಿತ್ತು.

ತಪ್ಪು ಮಗುವಿನದ್ದಲ್ಲ. ಹೆಚ್ಚಿನ ಸಲ ಆಪ್‌ನದ್ದೂ ಅಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ನಾವು ಆಪ್ ಇಳಿಸುತ್ತೇವೆ, ಅದರಲ್ಲಿ ಬಂದ ಪುಟವನ್ನು ಹಾಗೇ ಇಡುತ್ತೇವೆ, ನೇರ ಮಗುವಿನ ಕೈಗೆ ಕೊಟ್ಟು "ಏನು ಬೇಕು ಹೇಳು" ಅನ್ನುತ್ತೇವೆ. ಮನೆಯಲ್ಲಿ ಯಾರೂ ಆಡದ ಭಾಷೆಯನ್ನು ಅದೊಂದೇ ಆಡಬೇಕು ಅಂದ ಹಾಗಾಯ್ತು, ಅಲ್ವಾ? ಮೊದಲು ದನಿ, ಆಮೇಲೆ ಪದ, ಆಮೇಲೆ ಪುಟ, ಆಮೇಲೆ ಮನೆಯ ದೊಡ್ಡವರು. ಮಗುವಿನ ಸರದಿ ಕೊನೆಗೆ.

## ಶುರು ಮಾಡುವ ಮುಂಚೆ ಎರಡು ಅನುಮಾನ

"ಟ್ಯಾಬ್ ಕೊಟ್ಟರೆ ಬಾಯಿಂದ ಬರುವ ಮಾತೂ ನಿಂತುಹೋಗುತ್ತಾ?" ಇಲ್ಲ. 2006ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಚಿತ್ರ, ಸನ್ನೆ, ಯಂತ್ರಗಳನ್ನು ಬಳಸಿದ 27 ಜನರ ಮಾಹಿತಿಯನ್ನು ಹತ್ತಿರದಿಂದ ನೋಡಿದರು. ಒಬ್ಬರಿಗೂ ಇದ್ದ ಮಾತು ಕಡಿಮೆಯಾಗಿರಲಿಲ್ಲ. 89% ಜನರಿಗೆ ಸ್ವಲ್ಪವಾದರೂ ಹೆಚ್ಚಾಗಿತ್ತು. 2014ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ 5ರಿಂದ 8 ವರ್ಷದ, ತೀರಾ ಕಡಿಮೆ ಮಾತಿನ 61 ಆಟಿಸಂ ಮಕ್ಕಳಿದ್ದರು. ಥೆರಪಿಯ ಜೊತೆ ಮೊದಲ ದಿನದಿಂದಲೇ ಮಾತಾಡುವ ಯಂತ್ರ ಬಳಸಿದ ಮಕ್ಕಳು, ಬಳಸದವರಿಗಿಂತ ಮುಂದಿದ್ದರು. ಇದರರ್ಥ ಟ್ಯಾಬ್ ಮಾತು ತರಿಸುತ್ತದೆ ಅಂತಲ್ಲ. ಕೆಲವು ಮಕ್ಕಳಿಗೆ ಕೊನೆವರೆಗೂ ಟ್ಯಾಬೇ ಬಾಯಿ. ಅದಕ್ಕೂ ತಯಾರಿರಬೇಕು.

"ನಮ್ಮ ಮಗು ಇನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ, ಒಂದು ಕಡೆ ಕೂರಲ್ಲ. ಅದಾದ ಮೇಲೆ ಶುರು ಮಾಡೋಣವಾ?" ಬೇಡ. ಕೂರುವುದು, ಬೆರಳು ತೋರಿಸುವುದು, ಬಣ್ಣ ಗುರುತಿಸುವುದು, ಇದ್ಯಾವುದೂ ಮೊದಲು ಬರಬೇಕಾದ ಪಾಠಗಳಲ್ಲ.

## ಬೇಕಾದ ಸಾಮಾನು

8ರಿಂದ 10 ಇಂಚಿನ ಒಂದು ಟ್ಯಾಬ್. ಹಳೆಯದಾದರೂ ಸರಿ, ಬ್ಯಾಟರಿ ಒಂದು ದಿನ ಬರಬೇಕು. ಫೋನ್‌ನಲ್ಲೂ ಆಗುತ್ತದೆ, ಆದರೆ ಗುಂಡಿಗಳು ತೀರಾ ಚಿಕ್ಕದಾಗುತ್ತವೆ. ಮೇಲಾಗಿ ಫೋನ್ ಅಪ್ಪನ ಜೊತೆ ಆಫೀಸಿಗೆ ಹೋಗುತ್ತದೆ. ಮಾತು ಆಫೀಸಿಗೆ ಹೋಗಬಾರದು.

ಹಿಡಿಕೆ ಇರುವ ದಪ್ಪ ರಬ್ಬರ್ ಕವರ್, ಹೆಗಲಿಗೆ ಹಾಕುವ ಪಟ್ಟಿ. ಒಂದು ಪುಟ್ಟ ಬ್ಲೂಟೂತ್ ಸ್ಪೀಕರ್, ಯಾಕೆಂದರೆ ಮದುವೆ ಮನೆಯಲ್ಲಿ ಟ್ಯಾಬ್‌ನ ದನಿ ಯಾರಿಗೂ ಕೇಳಿಸುವುದಿಲ್ಲ. ಒಂದು ನೋಟ್‌ಬುಕ್. ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಲು ನೂರಿನ್ನೂರು ರೂಪಾಯಿ.

ಈ ಟ್ಯಾಬ್‌ನಲ್ಲಿ ಯೂಟ್ಯೂಬ್ ಇರಬಾರದು, ಆಟ ಇರಬಾರದು. ಈ ಒಂದು ವಿಷಯದಲ್ಲಿ ರಾಜಿ ಬೇಡ. ಒಂದೇ ಟ್ಯಾಬ್‌ನಲ್ಲಿ ಎರಡೂ ಇದ್ದರೆ ಮಗುವಿಗೆ ಅದು ಟಿವಿ. "ಸಾಕು, ಕೊಡು" ಅಂತ ನಾವು ಕಿತ್ತುಕೊಳ್ಳುವಾಗ ಜೊತೆಗೆ ಮಾತನ್ನೂ ಕಿತ್ತುಕೊಂಡಿರುತ್ತೇವೆ.

## ಹಂತ 1: ಕಿವಿ ಪರೀಕ್ಷೆ ಮತ್ತು ಒಂದು ವಾರದ ನೋಟ್‌ಬುಕ್

ಕುಕ್ಕರ್ ಸೀಟಿಗೆ ತಿರುಗುತ್ತದೆ, ಚಿಪ್ಸ್ ಪೊಟ್ಟಣದ ಸದ್ದಿಗೆ ಓಡಿ ಬರುತ್ತದೆ, ಹಾಗಾದರೆ ಕಿವಿ ಸರಿ ಇದೆ ಅಂದುಕೊಳ್ಳುತ್ತೇವೆ. ಕೆಲವೇ ಸ್ವರಗಳು ಕೇಳದಿರುವ ನಷ್ಟ ಹೀಗೆ ಗೊತ್ತಾಗುವುದಿಲ್ಲ. ಕೂತು ಸಹಕರಿಸದ ಮಗುವಿಗೂ ಮಾಡಬಹುದಾದ ಓಎಇ, ಬೆರಾ ಪರೀಕ್ಷೆಗಳಿವೆ. ಅವನ್ನು ಮೊದಲು ಮುಗಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ, ವಾಕ್ ಚಿಕಿತ್ಸೆ ಎರಡೂ ಒಂದೇ ಆವರಣದಲ್ಲಿ ಸಿಗುತ್ತವೆ. ಸುತ್ತಲಿನವರು ಅದನ್ನು 'ಸ್ಪೀಚ್ ಅಂಡ್ ಹಿಯರಿಂಗ್' ಅಂತಲೇ ಕರೆಯುತ್ತಾರೆ.

ಅದೇ ವಾರ ನೋಟ್‌ಬುಕ್ ತೆಗೆಯಿರಿ. ಮಗು ಈಗಾಗಲೇ ಹೇಗೆ ಮಾತಾಡುತ್ತಿದೆ ಅಂತ ಬರೆಯಿರಿ. ಕೈ ಹಿಡಿದು ಫ್ರಿಜ್ ಹತ್ತಿರ ಎಳೆದುಕೊಂಡು ಹೋಗುವುದು ಮಾತು. ಚಪ್ಪಲಿ ತಂದು ಮಡಿಲಿಗೆ ಹಾಕುವುದು ಮಾತು. ಕೈ ಕಚ್ಚಿಕೊಳ್ಳುವುದು, ಜಾಹೀರಾತಿನ ಸಾಲನ್ನು ಗುನುಗುವುದು, ಅವೂ ಬಹಳ ಸಲ ಮಾತೇ. ಯಾವಾಗ, ಎಲ್ಲಿ, ಯಾಕಿರಬಹುದು, ಮೂರು ಕಾಲಂ ಸಾಕು. ಮುಂದೆ ಪದಗಳನ್ನು ಆರಿಸುವುದು ಈ ಪುಟಗಳಿಂದ. ಅಂಗಡಿಯ ಚಾರ್ಟ್‌ನಿಂದ ಅಲ್ಲ.

## ಹಂತ 2: ಕನ್ನಡದ ದನಿಯನ್ನು ಸರಿಪಡಿಸುವುದು

ಆಪ್‌ಗೂ ಮೊದಲು ಇದು. ಹೆಚ್ಚಿನ ಆಪ್‌ಗಳು ಟ್ಯಾಬ್‌ನಲ್ಲೇ ಇರುವ ದನಿಯನ್ನು ಬಳಸುತ್ತವೆ. ಅಲ್ಲಿ ಕನ್ನಡದ ದನಿ ಇಲ್ಲದಿದ್ದರೆ ಗುಂಡಿ ಒತ್ತಿದಾಗ ಒಂದೋ ಮೌನ, ಇಲ್ಲವೇ ಇಂಗ್ಲಿಷ್ ದನಿಯ ಏನೋ ಒಂದು ಗೊಣಗಾಟ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು 'ಟೆಕ್ಸ್ಟ್ ಟು ಸ್ಪೀಚ್' ಅಂತ ಹುಡುಕಿ. ಎಂಜಿನ್ ಜಾಗದಲ್ಲಿ ಗೂಗಲ್‌ನದ್ದನ್ನು ಆರಿಸಿ. ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ, ದನಿಯ ಡೇಟಾ ಇಳಿಸುವ ಜಾಗಕ್ಕೆ ಹೋಗಿ ಕನ್ನಡವನ್ನು ಇಳಿಸಿಕೊಳ್ಳಿ. ಐಪ್ಯಾಡ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗದ ಓದಿ ಹೇಳುವ ಸೆಟ್ಟಿಂಗ್‌ನಲ್ಲಿ ದನಿಗಳ ಪಟ್ಟಿ ಇರುತ್ತದೆ. ಅಲ್ಲಿ ಕನ್ನಡದ 'ಸೌಮ್ಯ' ಎಂಬ ದನಿ ಸಿಗುತ್ತದೆ. ಅದು ಬಂದಿದ್ದು ಐಒಎಸ್ 16ರಲ್ಲಿ. ಅದಕ್ಕಿಂತ ಹಳೆಯ ಐಪ್ಯಾಡ್ ಕೊಳ್ಳುವವರು ಗಮನಿಸಿ.

ಈಗ ಪರೀಕ್ಷೆ. ವೈಫೈ ಆಫ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಒಂದು ಕನ್ನಡ ವಾಕ್ಯ ಓದಿಸಿ. ಆಗಲೂ ಓದಿದರೆ ಮಾತ್ರ ಕೆಲಸ ಮುಗಿದ ಹಾಗೆ. ಮನೆಯಲ್ಲಿ ಚೆನ್ನಾಗಿ ಮಾತಾಡಿ, ಬಸ್ಸು ಘಾಟಿ ಹತ್ತಿದ ಕೂಡಲೇ ಮೂಕವಾದ ಟ್ಯಾಬ್‌ಗಳನ್ನು ಎಷ್ಟೋ ನೋಡಿದ್ದೇನೆ.

ಓದುವ ವೇಗವನ್ನು ಸ್ವಲ್ಪ ತಗ್ಗಿಸಿ. ದನಿಯ ಎತ್ತರವನ್ನು ಸ್ವಲ್ಪ ಏರಿಸಿದರೆ ದೊಡ್ಡ ಹೆಂಗಸಿನ ದನಿ ಕೊಂಚ ಮಗುವಿನ ದನಿಯಂತೆ ಕೇಳುತ್ತದೆ. ಜಾಸ್ತಿ ಏರಿಸಿದರೆ ಕಾರ್ಟೂನ್ ಆಗುತ್ತದೆ. ಇನ್ನೊಂದು ದಾರಿ, ದನಿ ರೆಕಾರ್ಡ್ ಮಾಡುವುದು. ಮನೆಯಲ್ಲಿ ತುಳು ಅಥವಾ ಕೊಡವ ತಕ್ಕ್ ಆಡುವವರಿಗೆ ಇದೇ ಸುಲಭ. ರೆಕಾರ್ಡ್ ಮಾಡುವಾಗ ಅಮ್ಮನ ದನಿ ಬೇಡ. ಮಗುವಿನ ವಯಸ್ಸಿನ ಅಣ್ಣನೋ ತಂಗಿಯೋ ಪಕ್ಕದ ಮನೆ ಹುಡುಗನೋ ಹೇಳಲಿ. ಮಗು "ಬೇಡ" ಅಂದಾಗ ಅಮ್ಮನದ್ದೇ ದನಿ ಬಂದರೆ ಅದು ಮಗುವಿನ ಮಾತು ಅಂತ ಯಾರಿಗೂ ಅನಿಸುವುದಿಲ್ಲ.

## ಹಂತ 3: ಆಪ್ ಆರಿಸುವುದು

ಇಲ್ಲಿ ಜನ ತಿಂಗಳುಗಟ್ಟಲೆ ಕಳೆಯುತ್ತಾರೆ. ಎರಡು ದಿನ ಸಾಕು.

ಜೆಲ್ಲೋ ಐಐಟಿ ಬಾಂಬೆಯಲ್ಲಿ ತಯಾರಾದದ್ದು, ಉಚಿತ. ಆವಾಜ್ ಚೆನ್ನೈನವರದ್ದು, ದುಡ್ಡು ಕೊಡಬೇಕು. ಸಿಬೋರ್ಡ್ ಉಚಿತ, ಬ್ರೌಸರ್‌ನಲ್ಲೂ ತೆರೆಯುತ್ತದೆ, ಪುಟಗಳನ್ನು ಮೊದಲಿಂದ ನಾವೇ ಕಟ್ಟಬಹುದು. ಚಿತ್ರ ಬೇಕಿದ್ದರೆ ಸ್ಪೇನ್‌ನ ಅರಗಾನ್ ಪ್ರಾಂತ್ಯದ ಸರ್ಕಾರ ನಡೆಸುವ ಅರಸಾಕ್ ಸಂಗ್ರಹದಿಂದ ಉಚಿತವಾಗಿ ತೆಗೆದುಕೊಳ್ಳಬಹುದು. ಸ್ವಂತ ಬಳಕೆಗೆ ತೊಂದರೆ ಇಲ್ಲ, ಮಾರುವ ಹಾಗಿಲ್ಲ.

ಯಾವುದನ್ನೇ ಆರಿಸಿ, ಐದು ವಿಷಯ ನೋಡಿ.

1. ನೀವು ಟೈಪ್ ಮಾಡಿದ ಕನ್ನಡವನ್ನು ನೆಟ್ ಇಲ್ಲದೆ ಓದುತ್ತದೆಯೇ?
2. ಗುಂಡಿಯ ಮೇಲೆ ಕಾಣುವ ಪದ ಬೇರೆ, ಆಡುವ ಮಾತು ಬೇರೆ ಇಡಬಹುದೇ?
3. ಮನೆಯವರ, ಮನೆಯ ವಸ್ತುಗಳ ಫೋಟೋ ಹಾಕಬಹುದೇ?
4. ಕೆಲವು ಗುಂಡಿಗಳನ್ನು ಜಾಗ ಬದಲಿಸದೆ ಮರೆ ಮಾಡಬಹುದೇ?
5. ಕಟ್ಟಿದ ಪುಟಗಳನ್ನು ಫೈಲ್ ಆಗಿ ಹೊರತೆಗೆದು ಇಟ್ಟುಕೊಳ್ಳಬಹುದೇ?

ಐದನೆಯದು ಇಲ್ಲದ ಆಪ್ ಬೇಡ. ದುಡ್ಡಿನ ಆಪ್ ಆದರೆ ಉಚಿತ ಪ್ರಯೋಗದ ದಿನಗಳಲ್ಲೇ ಈ ಐದನ್ನೂ ಮಾಡಿ ನೋಡಿ. ಆರಿಸಿದ ಮೇಲೆ ಒಂದು ವರ್ಷ ಬದಲಿಸಬೇಡಿ.

## ಹಂತ 4: ಪದಗಳ ಪಟ್ಟಿ

ಹೊಸಬರ ಟ್ಯಾಬ್ ತೆರೆದರೆ ಸಾಮಾನ್ಯವಾಗಿ ಕಾಣುವುದು ಏನು? ಸೇಬು, ಬಾಳೆಹಣ್ಣು, ಆನೆ, ಜಿರಾಫೆ, ಕೆಂಪು, ತ್ರಿಕೋನ. ಜಿರಾಫೆ ಅಂತ ಹೇಳಿ ನಿಮಗೆ ಏನಾದರೂ ಸಿಕ್ಕಿದ್ದು ಕೊನೆಯ ಸಲ ಯಾವಾಗ? ಇವು ಪರೀಕ್ಷೆಯ ಪದಗಳು, ಬದುಕಿನ ಪದಗಳಲ್ಲ.

ದಿನದ ಮಾತಿನ ಹೆಚ್ಚಿನ ಪಾಲು ಕೆಲವೇ ನೂರು ಪದಗಳಲ್ಲಿ ನಡೆಯುತ್ತದೆ. ಅವು ಎಲ್ಲ ಹೊತ್ತಿಗೂ, ಎಲ್ಲ ಜಾಗಕ್ಕೂ ಸಲ್ಲುವ ಪದಗಳು. ಕನ್ನಡದಲ್ಲಿ ಮೊದಲ ಪುಟಕ್ಕೆ ನಾನು ಇಡುವುದು ಇವು: ಬೇಕು, ಬೇಡ, ಸಾಕು, ಇನ್ನೂ, ಮತ್ತೆ, ಆಯ್ತು, ಬಾ, ಹೋಗೋಣ, ಕೊಡು, ತಗೋ, ನೋಡು, ನಿಲ್ಸು, ತೆಗಿ, ಹಾಕು, ಏನು, ಎಲ್ಲಿ, ಯಾರು, ನಾನು, ನನಗೆ, ನೀನು, ಇದು, ಅದು, ಹೊರಗೆ, ಇಷ್ಟ, ನೋವು, ಭಯ, ಹೌದು, ಇಲ್ಲ. 'ಇನ್ನೂ' ಒಂದೇ ಪದ ಉಯ್ಯಾಲೆಗೂ ಆಗುತ್ತದೆ, ಚಟ್ನಿಗೂ ಆಗುತ್ತದೆ, ಕಚಗುಳಿಗೂ ಆಗುತ್ತದೆ. ಆಮೇಲೆ ನೋಟ್‌ಬುಕ್‌ನಿಂದ ನಿಮ್ಮ ಮಗುವಿನದ್ದೇ ಆದ 15-20 ಪದ ಸೇರಿಸಿ: ತಿನ್ನುವ ತಿಂಡಿ, ಮನೆಯವರ ಹೆಸರು, ಹಾಡು, ಜಾಗ.

ಕನ್ನಡಕ್ಕೇ ಸೇರಿದ ನಾಲ್ಕು ತೊಡಕುಗಳಿವೆ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇವು ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು, ಪುಸ್ತಕದ ಕನ್ನಡ. ಸಿದ್ಧ ಪುಟಗಳಲ್ಲಿ "ನಾನು ಹೊರಗೆ ಹೋಗಲು ಬಯಸುತ್ತೇನೆ" ಎಂಬಂಥ ಗುಂಡಿ ಇರಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಾರಾ? ಅಳಿಸಿ. ಆಡುವ ಹಾಗೆ ಬರೆಯಿರಿ. ಹುಬ್ಬಳ್ಳಿ ಕಡೆಯವರಾದರೆ 'ಒಲ್ಲೆ' ಅಂತ ಹಾಕಿ, 'ಅವ್ವ' ಅಂತ ಹಾಕಿ. ಮಗು ಕಿವಿಯಲ್ಲಿ ಕೇಳುವ ಮಾತು, ಟ್ಯಾಬ್ ಆಡುವ ಮಾತು ಒಂದೇ ಇರಬೇಕು.

ಎರಡನೆಯದು, ಪ್ರತ್ಯಯ. ಇಂಗ್ಲಿಷ್‌ನಲ್ಲಿ ಮೂರು ಗುಂಡಿ ಪಕ್ಕ ಪಕ್ಕ ಒತ್ತಿದರೆ ವಾಕ್ಯ ಆಗಿಬಿಡುತ್ತದೆ. ಕನ್ನಡದಲ್ಲಿ 'ನಾನು', 'ಮನೆ', 'ಹೋಗು' ಒತ್ತಿದರೆ ಒಡೆದ ಮಾತು ಬರುತ್ತದೆ. 'ಗೆ', 'ಅಲ್ಲಿ' ಗಳನ್ನು ಬೇರೆ ಗುಂಡಿ ಮಾಡಲು ಹೋಗಬೇಡಿ, ದನಿ ಅದನ್ನು ತುಂಡಾಗಿ ಓದುತ್ತದೆ. ಜಾಗಗಳನ್ನು 'ಮನೆಗೆ', 'ಪಾರ್ಕಿಗೆ', 'ಅಜ್ಜಿ ಮನೆಗೆ' ಅಂತಲೇ ಇಡಿ. 'ನಾನು' ಜೊತೆ 'ನನಗೆ' ಮೊದಲ ಪುಟದಲ್ಲೇ ಇರಲಿ, ಯಾಕೆಂದರೆ ಮಕ್ಕಳು ಮೊದಲು ಹೇಳುವ ಬೇಕು, ಬೇಡ, ಇಷ್ಟ, ನೋವು, ಎಲ್ಲಕ್ಕೂ ನಮ್ಮಲ್ಲಿ 'ನನಗೆ' ಬೇಕು. ಮಗು ಒಡೆದ ವಾಕ್ಯ ಹೇಳಿದರೂ ಪರವಾಗಿಲ್ಲ. "ಅಮ್ಮ ಅಂಗಡಿ ಬಾ" ಅಂದರೆ ನಿಮಗೆ ಅರ್ಥ ಆಯ್ತಲ್ಲ, ಅಷ್ಟು ಸಾಕು.

ಮೂರನೆಯದು, ಬಾ ಮತ್ತು ಬನ್ನಿ. ಎರಡೂ ಇಟ್ಟರೆ ಪುಟ ತುಂಬಿಹೋಗುತ್ತದೆ. ಮೊದಲ ವರ್ಷ 'ಬಾ' ಒಂದೇ ಇರಲಿ. ಮೊಮ್ಮಗ ಟ್ಯಾಬ್‌ನಲ್ಲಿ "ಅಜ್ಜ ಬಾ" ಅಂದರೆ ಬೇಸರ ಮಾಡಿಕೊಳ್ಳಬೇಡಿ ಅಂತ ಅಜ್ಜನಿಗೆ ಮೊದಲೇ ಹೇಳಿಡಿ. ಕೇಳಿದ ಮೇಲೆ ಯಾವ ಅಜ್ಜನೂ ಬೇಸರ ಮಾಡಿಕೊಂಡದ್ದು ನಾನು ನೋಡಿಲ್ಲ.

ನಾಲ್ಕನೆಯದು, ಇಂಗ್ಲಿಷ್ ಪದಗಳು. ಬಿಸ್ಕೆಟ್, ಬಸ್ಸು, ಟಾಯ್ಲೆಟ್ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರ ಸೇರಿದರೆ ಕೆಲವು ಸಲ ದನಿಯೇ ಬದಲಾಗಿಬಿಡುತ್ತದೆ.

ಕೊನೆಗೆ, ಎಲ್ಲರೂ ಬಿಡುವ ಪದಗಳು. 'ನಿಲ್ಸು', 'ಮುಟ್ಬೇಡ', 'ನೋವಾಗ್ತಿದೆ' ಮತ್ತು ದೇಹದ ಎಲ್ಲ ಭಾಗಗಳ ಹೆಸರು, ಗುಪ್ತಾಂಗದ್ದೂ ಸೇರಿ. ಮುಜುಗರ ಪಡಬೇಡಿ. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಹೇಳಲು ಪದವೇ ಇಲ್ಲದ ಮಗುವಾಗಿ ನಿಮ್ಮ ಮಗು ಉಳಿಯಬಾರದು. 'ಸುಮ್ನಿರು', 'ಹೋಗಾಚೆ' ಕೂಡ ಹಾಕಿ. ಎಲ್ಲ ಮಕ್ಕಳೂ ಹಾಗನ್ನುತ್ತವೆ.

## ಹಂತ 5: ಪುಟ ಜೋಡಿಸುವುದು

ಎಷ್ಟು ಗುಂಡಿ? ಮಗುವಿನ ಬೆರಳು ಸರಿಯಾಗಿ ತಾಗುವಷ್ಟು, ಕಣ್ಣಿಗೆ ಕಾಣುವಷ್ಟು. ಹೆಚ್ಚಿನ ಮಕ್ಕಳಿಗೆ 10 ಇಂಚಿನ ಪರದೆಯಲ್ಲಿ 24ರಿಂದ 40 ಆಗುತ್ತದೆ. ಎರಡೇ ದೊಡ್ಡ ಗುಂಡಿಯಿಂದ ಶುರು ಮಾಡಿ ಆಮೇಲೆ ನಾಲ್ಕು, ಆಮೇಲೆ ಎಂಟು ಅಂತ ಏರಿಸುವುದು ದೊಡ್ಡ ತಪ್ಪು. ಪ್ರತಿ ಸಲವೂ ಗುಂಡಿಗಳ ಜಾಗ ಬದಲಾಗುತ್ತದೆ. ಮಗು ಕಲಿಯುವುದು ಚಿತ್ರವನ್ನಷ್ಟೇ ಅಲ್ಲ, ಕೈ ಹೋಗುವ ದಾರಿಯನ್ನು. ಕತ್ತಲಲ್ಲಿ ನಿಮ್ಮ ಮನೆಯ ಸ್ವಿಚ್ ಹುಡುಕುವ ಹಾಗೆ. ಆದ್ದರಿಂದ ಮೊದಲೇ 32 ಗುಂಡಿಯ ಪುಟ ಕಟ್ಟಿ, ಬೇಕಿದ್ದರೆ 20ನ್ನು ಮರೆ ಮಾಡಿ. ಒಂದೊಂದಾಗಿ ತೆರೆಯಿರಿ. ಇಟ್ಟ ಗುಂಡಿ ಇಟ್ಟಲ್ಲೇ ಇರಬೇಕು.

ಜೋಡಣೆಯಲ್ಲಿ ಕನ್ನಡದ ವಾಕ್ಯದ ಕ್ರಮ ಹಿಡಿಯಿರಿ. ಎಡಗಡೆ ಜನರು (ನಾನು, ನನಗೆ, ಅಮ್ಮ), ನಡುವೆ ವಸ್ತು ಮತ್ತು ಜಾಗ, ಬಲಗಡೆ ಬೇಕು, ಬೇಡ, ಕೊಡು, ಹೋಗೋಣ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷ್ ಪುಟವನ್ನು ಹಾಗೇ ಕನ್ನಡಕ್ಕೆ ತಿರುಗಿಸಿದರೆ 'ಬೇಕು' ನಡುವೆ ಬಂದು ಕೂರುತ್ತದೆ, ಬೆರಳು ಹಿಂದೆ ಮುಂದೆ ಓಡಾಡಬೇಕಾಗುತ್ತದೆ. 'ಬೇಡ' ಮತ್ತು 'ನಿಲ್ಸು' ಮೂಲೆಯಲ್ಲಿರಲಿ. ಸಿಟ್ಟಿನಲ್ಲಿದ್ದಾಗ ಮೂಲೆ ಬೇಗ ಸಿಗುತ್ತದೆ.

ಪುಟ ಮುಗಿದ ಮೇಲೆ ಸ್ಕ್ರೀನ್‌ಶಾಟ್ ತೆಗೆದು ಎ4 ಕಾಗದದಲ್ಲಿ ಬಣ್ಣದ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿ. ನಾಲ್ಕು ಪ್ರತಿ. ಒಂದು ಬಚ್ಚಲಿಗೆ, ಒಂದು ಬ್ಯಾಗಿಗೆ, ಒಂದು ಶಾಲೆಗೆ, ಒಂದು ಕರೆಂಟು ಹೋದ ದಿನಕ್ಕೆ.

## ಹಂತ 6: ಬೀಗ

ಐಪ್ಯಾಡ್‌ನಲ್ಲಿ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆಪ್ ಪಿನ್ ಮಾಡುವ ಸೌಲಭ್ಯ ಆನ್ ಮಾಡಿ. ಆಗ ಮಗು ಆಪ್‌ನಿಂದ ಆಚೆ ಹೋಗಲಾಗುವುದಿಲ್ಲ. ಆಪ್‌ನ ಎಡಿಟ್ ಜಾಗಕ್ಕೂ ಪಾಸ್‌ವರ್ಡ್ ಹಾಕಿ. ಕೈ ನಡುಗುವ ಅಥವಾ ಅಂಗೈ ಊರುವ ಮಕ್ಕಳಿಗೆ ಐಪ್ಯಾಡ್‌ನ ಟಚ್ ಅಕಾಮಡೇಶನ್ಸ್‌ನಲ್ಲಿ, ಎಷ್ಟು ಹೊತ್ತು ಒತ್ತಿದರೆ ಗುಂಡಿ ಮಾತಾಡಬೇಕು ಅಂತ ಹೊಂದಿಸಬಹುದು.

## ಹಂತ 7: ಮೊದಲು ನಾವು ಮಾತಾಡುವುದು

ಹೆಚ್ಚಿನ ಮನೆಗಳು ಸೋಲುವುದು ಇಲ್ಲಿ.

ಮಾತು ಬರುವ ಮಗು ಕೂಡ ಮೊದಲ ಪದ ಆಡುವ ಮುಂಚೆ ಸುಮಾರು ಒಂದು ವರ್ಷ ನಮ್ಮ ಮಾತು ಕೇಳಿರುತ್ತದೆ. ಟ್ಯಾಬ್‌ನ ಮಾತನ್ನು ನಿಮ್ಮ ಮಗು ಎಷ್ಟು ದಿನ ಕೇಳಿದೆ? ಮೊದಲ ಆರರಿಂದ ಎಂಟು ವಾರ ಮಗು ಒಂದು ಗುಂಡಿಯನ್ನೂ ಒತ್ತಬೇಕಿಲ್ಲ. ಒತ್ತಬೇಕಾದವರು ನೀವು.

ಮಾಡುವುದು ಹೀಗೆ. ಬಾಯಲ್ಲಿ ಪೂರ್ತಿ ವಾಕ್ಯ ಹೇಳಿ, ಅದರಲ್ಲಿ ಮುಖ್ಯವಾದ ಒಂದು ಪದವನ್ನು ಮಾತ್ರ ಟ್ಯಾಬ್‌ನಲ್ಲಿ ಒತ್ತಿ. ದೋಸೆ ಹುಯ್ಯುವಾಗ "ಈಗ ಹಿಟ್ಟು ಹಾಕೋಣ" ಅಂತ 'ಹಾಕು' ಒತ್ತಿ. "ಎಣ್ಣೆ ಇನ್ನೂ ಬೇಕು" ಅಂತ 'ಇನ್ನೂ' ಒತ್ತಿ. "ಆಯ್ತು, ತೆಗೀತೀನಿ" ಅಂತ 'ಆಯ್ತು' ಒತ್ತಿ. ಮಗು ನೋಡದಿದ್ದರೂ ಒತ್ತಿ, ಕಿವಿಗೆ ಬೀಳುತ್ತಿರುತ್ತದೆ. ನೀವು ತಪ್ಪು ಗುಂಡಿ ಒತ್ತಿದರೆ "ಅಯ್ಯೋ, ಅದಲ್ಲ, ಇದು" ಅಂತ ಸರಿಯಾದ್ದನ್ನು ಒತ್ತಿ. ತಪ್ಪಿದರೆ ತಿದ್ದಬಹುದು ಅನ್ನುವುದೂ ಕಲಿಕೆಯೇ.

ದಿನವಿಡೀ ಮಾಡಲು ಹೋಗಬೇಡಿ, ನಾಲ್ಕನೇ ದಿನಕ್ಕೆ ಸುಸ್ತಾಗುತ್ತೀರಿ. ದಿನಕ್ಕೆ ಮೂರು ಹೊತ್ತು ಆರಿಸಿ: ಬೆಳಗಿನ ತಿಂಡಿ, ಸಂಜೆಯ ಉಯ್ಯಾಲೆ, ರಾತ್ರಿ ಮಲಗುವ ಮುಂಚೆ. ಒಂದೊಂದಕ್ಕೆ ಹತ್ತು ನಿಮಿಷ. ವಾರಕ್ಕೆ ಮೂರು ಪದ ಹಿಡಿದು ಅವನ್ನೇ ತಿರುಗಿಸಿ ತಿರುಗಿಸಿ ಬಳಸಿ. ಫ್ರಿಜ್ ಮೇಲೆ ಆ ವಾರದ ಮೂರು ಪದ ಬರೆದು ಅಂಟಿಸಿ, ಮನೆಗೆ ಬಂದ ಚಿಕ್ಕಪ್ಪನಿಗೂ ಗೊತ್ತಾಗಲಿ.

ಪದದ ಲೆಕ್ಕ ಸುಲಭ: ಮಗುವಿಗಿಂತ ಒಂದು ಮೆಟ್ಟಿಲು ಮೇಲೆ. ಮಗು ಏನೂ ಒತ್ತದಿದ್ದರೆ ನೀವು ಒಂದು ಪದ. ಮಗು ಒಂದು ಒತ್ತಿದರೆ ನೀವು ಎರಡು: "ಹೊರಗೆ ಹೋಗೋಣ".

ಈ ಹಂತದಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, "ಇದೇನು? ಇದೇನು?" ಅಂತ ಪರೀಕ್ಷೆ ಮಾಡುವುದು. ಸಂಜೆ ಮನೆಗೆ ಬಂದ ಕೂಡಲೇ ಯಾರಾದರೂ ನಿಮಗೆ ಹೀಗೆ ಕೇಳಿದರೆ ನೀವೂ ಎದ್ದು ಹೋಗುತ್ತೀರಿ. ಎರಡು, ಮಗುವಿನ ಬೆರಳು ಹಿಡಿದು ಒತ್ತಿಸುವುದು. ಅದು ನಿಮ್ಮ ಮಾತು, ಮಗುವಿನದ್ದಲ್ಲ. ಮೂರು, ಬರೀ 'ಬೇಕು' ಕಲಿಸುವುದು. ನಾನು ಮಾಡಿದ್ದು ಇದನ್ನೇ. ನಮ್ಮ ಹುಡುಗನಿಗೆ ಟ್ಯಾಬ್ ಅಂದರೆ ತಿಂಡಿ ಕೊಡುವ ಮಷೀನು ಆಗಿಹೋಗಿತ್ತು. ಹೊಟ್ಟೆ ತುಂಬಿದ ಮೇಲೆ ಅದರ ಹತ್ತಿರ ಸುಳಿಯುತ್ತಿರಲಿಲ್ಲ. 'ನೋಡು', 'ಅಯ್ಯೋ', 'ಎಲ್ಲಿ', 'ಇಷ್ಟ' ಗಳನ್ನು ನಾವು ಬಳಸಲು ಶುರು ಮಾಡಿದ ಮೇಲೇ ಅವನು ಕಿಟಕಿ ಹತ್ತಿರ ಅದನ್ನು ಹೊತ್ತುಕೊಂಡು ಹೋಗಿದ್ದು.

## ಹಂತ 8: ಮಗು ಒತ್ತಿದಾಗ

ಮೊದಮೊದಲು ಒತ್ತಿದ್ದೆಲ್ಲ ಅರ್ಥವಿಟ್ಟು ಒತ್ತಿದ್ದಾಗಿರುವುದಿಲ್ಲ. ಒಂದೇ ಗುಂಡಿಯನ್ನು ಐವತ್ತು ಸಲ ಒತ್ತುತ್ತದೆ. ಹಸುಗೂಸು "ಬಾ ಬಾ ಬಾ" ಅನ್ನುವುದಿಲ್ಲವೇ, ಹಾಗೆ. ದನಿ ಸ್ವಲ್ಪ ತಗ್ಗಿಸಿ, ಆಫ್ ಮಾಡಬೇಡಿ. ಒಂದು ಸಲ ಅರ್ಥ ಕೊಟ್ಟು ಉತ್ತರಿಸಿ. 'ಹೊರಗೆ' ಅಂತ ಬಂದರೆ ಬಾಗಿಲು ತೆರೆದು ಎರಡು ನಿಮಿಷ ನಿಂತು ಬನ್ನಿ. ಗುಂಡಿಗೂ ಬಾಗಿಲಿಗೂ ಇರುವ ನಂಟು ಹೀಗೇ ಹುಟ್ಟುವುದು.

ನೀವು ಒತ್ತಿದ ಮೇಲೆ, ಅಥವಾ ಮಗು ಏನೋ ಹೇಳಲು ಹೊರಟಾಗ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಬಾಯಿ ಬಿಡಬೇಡಿ. ಹತ್ತು ಸೆಕೆಂಡು ತುಂಬಾ ಉದ್ದ ಅಂತ ಅನಿಸುತ್ತದೆ. ಆ ಹೊತ್ತಿನಲ್ಲೇ ಮಗು ಕೈ ಎತ್ತುತ್ತದೆ.

ಎಲ್ಲ ಬೇಡಿಕೆಗೂ ಹೂಂ ಅನ್ನಬೇಕಾಗಿಲ್ಲ. ರಾತ್ರಿ ಒಂಬತ್ತಕ್ಕೆ 'ಐಸ್‌ಕ್ರೀಂ' ಅಂದರೆ "ಐಸ್‌ಕ್ರೀಂ ಬೇಕಾ? ಗೊತ್ತಾಯ್ತು. ಈಗ ಇಲ್ಲ, ನಾಳೆ" ಅಂತ 'ಇಲ್ಲ', 'ನಾಳೆ' ಒತ್ತಿ. ಮಗು ಅಳಬಹುದು. ಆದರೆ ಗುಂಡಿಯನ್ನು ಅಳಿಸಬೇಡಿ, ಮರೆ ಮಾಡಬೇಡಿ. ಕಾಟ ತಡೆಯಲಾರದೆ 'ಬಿಸ್ಕೆಟ್' ಗುಂಡಿಯನ್ನೇ ತೆಗೆದುಹಾಕಿದ ಮನೆಗಳಿವೆ. ಮಾತು ಬರುವ ಮಗು ನೂರು ಸಲ ಬಿಸ್ಕೆಟ್ ಕೇಳಿದರೆ ಆ ಪದವನ್ನು ಅದರ ಬಾಯಿಂದ ತೆಗೆಯಲಾಗುತ್ತದೆಯೇ?

'ಬೇಡ' ಅಂದಾಗ ಮಾತ್ರ ಆದಷ್ಟು ಕೇಳಿ. ಸ್ನಾನ, ಔಷಧಿ ಬಿಡಲಾಗುವುದಿಲ್ಲ, ಅದನ್ನು ವಿವರಿಸಿ ಮಾಡಿ. ಆದರೆ ಇನ್ನೊಂದು ತುತ್ತು ಬೇಡ ಅಂದರೆ ಬಿಟ್ಟುಬಿಡಿ. ಬೇಡ ಅಂದರೂ ಏನೂ ಆಗದಿದ್ದರೆ ಮಗು ಮತ್ತೆ ಕಚ್ಚುವುದಕ್ಕೇ ಹಿಂದಿರುಗುತ್ತದೆ. ಅದು ಬೇಗ ಕೆಲಸ ಮಾಡುತ್ತದಲ್ಲ.

ಬಾಯಿಂದ ಬಂದ ಮಾತು, ಸನ್ನೆ, ಟ್ಯಾಬ್, ಮೂರನ್ನೂ ಒಂದೇ ತಕ್ಕಡಿಯಲ್ಲಿಡಿ. ನೀರಿನ ಲೋಟ ತೋರಿಸಿದ ಮಗುವಿಗೆ "ಟ್ಯಾಬ್‌ನಲ್ಲಿ ಹೇಳು, ಆಮೇಲೆ ಕೊಡ್ತೀನಿ" ಅನ್ನಬೇಡಿ. ನೀರು ಕೊಡಿ, ಕೊಡುವಾಗ ನೀವು 'ನೀರು' ಒತ್ತಿ.

## ಹಂತ 9: ಮನೆಯ ಹೊಸಿಲು ದಾಟಿದ ಮೇಲೆ

ಟ್ಯಾಬ್ ಮಗುವಿನ ಜೊತೆ ಎಲ್ಲಾ ಕಡೆ ಹೋಗಬೇಕು. ಥೆರಪಿ ಕೋಣೆಯಲ್ಲಿ ಮಾತ್ರ ಬಿಚ್ಚುವ ಟ್ಯಾಬ್‌ನಿಂದ ಏನೂ ಆಗುವುದಿಲ್ಲ.

ಶಾಲೆಗೆ ಕಳಿಸುವಾಗ ಒಂದು ಪುಟದ ಚೀಟಿ ಬರೆದು ಕೊಡಿ: ಇದು ಆಟದ ಸಾಮಾನಲ್ಲ, ಮಗುವಿನ ದನಿ. ಚೀಲದಲ್ಲಿಡಬೇಡಿ, ಮೇಜಿನ ಮೇಲಿಡಿ. ಗಲಾಟೆ ಮಾಡಿದರೂ ಕಿತ್ತುಕೊಳ್ಳಬೇಡಿ. ನಾವು ಒಂದು ಶಾಲೆಯಲ್ಲಿ ಈ ಚೀಟಿ ಕೊಡಲು ಮರೆತಿದ್ದೆವು. ಒಂದು ತಿಂಗಳಾದ ಮೇಲೆ ಗೊತ್ತಾಯ್ತು, ಟ್ಯಾಬ್ ದಿನವೂ ಸ್ಟಾಫ್ ರೂಮಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ಒಡೆದುಹೋದೀತು ಅನ್ನುವ ಕಾಳಜಿಯಿಂದ! ತರಗತಿಯ ಇಂಗ್ಲಿಷ್ ಪದಗಳಿಗೆ ಬೇರೆ ಒಂದು ಪುಟ ಸೇರಿಸಿ, ಮೊದಲ ಪುಟ ಮನೆಯ ಮಾತಿನದ್ದೇ ಇರಲಿ.

ಅಜ್ಜಿ ತಾತಂದಿರಿಗೆ ಪಾಠ ಮಾಡಬೇಡಿ. ಮೂರು ಗುಂಡಿ ತೋರಿಸಿ: 'ಬಾ', 'ಇನ್ನೂ', 'ಆಯ್ತು'. ಉಳಿದದ್ದನ್ನು ಅವರೇ ಕಂಡುಕೊಳ್ಳುತ್ತಾರೆ.

## ಎಚ್ಚರಿಕೆಯ ಸೂಚನೆಗಳು

ಇದ್ದ ಪದಗಳು, ಇದ್ದ ಕೌಶಲಗಳು ಹಠಾತ್ ಕಳೆದುಹೋದರೆ, ಅಥವಾ ಮಗು ಆಗಾಗ ಕೆಲವು ಸೆಕೆಂಡು ದಿಟ್ಟಿಸಿ ನಿಂತು ಕರೆದರೂ ತಿರುಗದಿದ್ದರೆ, ಟ್ಯಾಬ್ ಬದಿಗಿಟ್ಟು ಮಕ್ಕಳ ನರರೋಗ ವೈದ್ಯರನ್ನು ನೋಡಿ. ಫಿಟ್ಸ್ ಹೀಗೂ ಬರುತ್ತದೆ.

ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳುವುದು, ಕಿವಿ ಹೊಡೆದುಕೊಳ್ಳುವುದು ಶುರುವಾದರೆ ಹಲ್ಲು, ಕಿವಿ, ಹೊಟ್ಟೆ ತೋರಿಸಿ. ನೋವನ್ನು ಹಠ ಅಂತ ಓದುವ ತಪ್ಪು ಎಲ್ಲರೂ ಮಾಡುತ್ತೇವೆ.

ಯಾರಾದರೂ ಮಗುವಿನ ಕೈ, ಮೊಣಕೈ ಅಥವಾ ಹೆಗಲು ಹಿಡಿದು ಅಕ್ಷರ ಒತ್ತಿಸಿ "ನೋಡಿ, ಕವಿತೆ ಬರೀತಾನೆ" ಅಂದರೆ ಹುಷಾರಾಗಿ. ಇದಕ್ಕೆ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಅನ್ನುತ್ತಾರೆ. ಬರೆಯುತ್ತಿರುವುದು ಕೈ ಹಿಡಿದವರೇ ಅನ್ನುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಗೊತ್ತಾಗಿದೆ. ಅಮೆರಿಕದ ವಾಕ್ ಚಿಕಿತ್ಸಕರ ಸಂಘ ಇದನ್ನು ಬಳಸಬಾರದು ಅಂತ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪರೀಕ್ಷೆ ಸುಲಭ: ಕೈ ಹಿಡಿಯುವವರನ್ನು ಹೊರಗೆ ಕಳಿಸಿ, ಮಗುವಿಗೆ ಒಂದು ವಸ್ತು ತೋರಿಸಿ. ಆಮೇಲೆ ಅವರನ್ನು ಒಳಗೆ ಕರೆದು, ಏನು ತೋರಿಸಿದೆ ಅಂತ ಮಗುವನ್ನು ಕೇಳಿ.

"ಮೂರು ತಿಂಗಳಲ್ಲಿ ಮಾತು ಗ್ಯಾರಂಟಿ" ಅನ್ನುವವರಿಗೆ ದುಡ್ಡು ಕೊಡಬೇಡಿ.

ಆರು ತಿಂಗಳು ನೀವು ಬಿಡದೆ ಬಳಸಿಯೂ ಮಗು ಒಂದು ಗುಂಡಿಯತ್ತಲೂ ಕೈ ಚಾಚದಿದ್ದರೆ, ಅದು ಸೋಲಲ್ಲ, ಹೊಂದಿಕೆ ತಪ್ಪಿರಬಹುದು. ಕಣ್ಣು ಪರೀಕ್ಷೆ ಮಾಡಿಸಿ. ಚಿತ್ರದ ಬದಲು ಫೋಟೋ ಹಾಕಿ ನೋಡಿ. ಟ್ಯಾಬ್ ಚಪ್ಪಟೆ ಇಡುವ ಬದಲು ಓರೆಯಾಗಿ ನಿಲ್ಲಿಸಿ. ನೋಟ್‌ಬುಕ್ ಹಿಡಿದುಕೊಂಡು ವಾಕ್ ಚಿಕಿತ್ಸಕರ ಹತ್ತಿರ ಹೋಗಿ. "ಏನೂ ಮಾಡ್ತಿಲ್ಲ" ಅನ್ನುವುದಕ್ಕಿಂತ ಆ ಪುಟಗಳು ಅವರಿಗೆ ಜಾಸ್ತಿ ಹೇಳುತ್ತವೆ.

## ತಿಂಗಳಿಗೊಮ್ಮೆ ಮಾಡುವ ಕೆಲಸ

ತಿಂಗಳ ಮೊದಲ ಭಾನುವಾರ ಅರ್ಧ ಗಂಟೆ ತೆಗೆದಿಡಿ. ಐದಾರು ಹೊಸ ಪದ ಖಾಲಿ ಜಾಗಕ್ಕೆ ಸೇರಿಸಿ, ಹಳೆಯದನ್ನು ಸರಿಸಬೇಡಿ. ಆಪ್ ಅಪ್‌ಡೇಟ್ ಆಗಿದ್ದರೆ ಏರೋಪ್ಲೇನ್ ಮೋಡ್‌ನಲ್ಲಿ ಮತ್ತೊಮ್ಮೆ ದನಿ ಪರೀಕ್ಷಿಸಿ. ಪುಟಗಳ ಫೈಲ್ ಹೊರತೆಗೆದು ನಿಮ್ಮ ಇಮೇಲ್‌ಗೆ, ಇನ್ನೊಬ್ಬರ ಫೋನ್‌ಗೆ ಕಳಿಸಿಡಿ. ಹೊಸ ಪ್ರಿಂಟ್ ತೆಗೆಸಿ, ಬಚ್ಚಲ ಗೋಡೆಯದ್ದನ್ನು ಬದಲಿಸಿ. ಟ್ಯಾಬ್ ಒಡೆದ ದಿನ ಇನ್ನೊಂದು ಟ್ಯಾಬ್‌ನಲ್ಲಿ ಅದೇ ಫೈಲ್ ತೆರೆದು, ಅದೇ ಜಾಗದಲ್ಲಿ ಅದೇ ಗುಂಡಿ ಇದೆಯಾ ನೋಡಿ. ನಮ್ಮದು ಎರಡು ಸಲ ಒಡೆದಿದೆ. ಎರಡನೇ ಸಲ ಸಾಲ ತಂದ ಟ್ಯಾಬ್ ಕೈಗೆ ಕೊಟ್ಟ ಕೂಡಲೇ ಹುಡುಗ ಮೂಲೆಗೆ ಬೆರಳು ಹಾಕಿ "ಬೇಡ" ಅಂದ. ಕವರ್ ಬಣ್ಣ ಹಿಡಿಸಿರಲಿಲ್ಲ.